ಸಿ.ಎಸ್. ಪುರ ಸಾಂಸ್ಕೃತಿಕ ಪ್ರವಾಸ: ಬಳಸುವ ಮುನ್ನ ಓದಿಕೊಳ್ಳಿ



ಪ್ರವಾಸಕ್ಕೆಂದು ಸಿ.ಎಸ್. ಪುರವನ್ನು ಆರಿಸಿಕೊಂಡಿದ್ದೀರಿ. ಸಂತೋಷ. ಗುಬ್ಬಿಯಿಂದ ಯಡಿಯೂರಿನ ಕಡೆಗೆ ಇಳಿಯುವಾಗ ನಡುವೆ ಸಿಗುವ ಹೋಬಳಿ ಕೇಂದ್ರ ಇದು. ಪೂರ್ತಿ ಹೆಸರು ಚಂದ್ರಶೇಖರಪುರ. ಆ ಹೆಸರಿಗೆ ಟಿಕೆಟ್ ಕೇಳಿದರೆ ಕಂಡಕ್ಟರು ನಿಮ್ಮ ಮುಖವನ್ನೊಮ್ಮೆ ನೋಡಿ, ಹೊರಗಿನವರು ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಚೀಟಿ ಹರಿಯುತ್ತಾರೆ. ಆದ್ದರಿಂದ ಮೊದಲ ಸೂಚನೆ: ಸಿ.ಎಸ್. ಪುರ ಎಂದೇ ಹೇಳಿ.

ಕೈಪಿಡಿಯನ್ನು ಸುರಕ್ಷಿತವಾಗಿಡಿ. ವಾಹನ ಕೆಟ್ಟು ನಿಂತಾಗ ಓದಲು ಬೇಕಾಗುತ್ತದೆ.

1. ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಟೆಂಪೋ ಟ್ರಾವೆಲರ್. ಅದರಲ್ಲಿ ಹಿಡಿಸುವಷ್ಟು ಬೆಂಗಳೂರಿನವರು. ಹಿಂದಿನ ರಾತ್ರಿಯಷ್ಟೇ ಹೊಯ್ಸಳರ ಬಗ್ಗೆ ಓದಿಕೊಂಡು ಬಂದ ನಿವೃತ್ತ ಅಧಿಕಾರಿ ಒಬ್ಬರು (ಇವರನ್ನು ಮುಂದಿನ ಸೀಟಿನಲ್ಲಿ ಕೂರಿಸಬೇಡಿ, ಮೈಕು ಅಲ್ಲಿಗೆ ಎಟುಕುತ್ತದೆ). ಕಿಟಕಿ ಪಕ್ಕದ ಸೀಟಿಗೆ ಜಗಳವಾಡುವ ಇಬ್ಬರು ಸೋದರತ್ತೆಯರು. ಚಕ್ಕುಲಿ, ಕೋಡುಬಳೆ, ಪುಳಿಯೋಗರೆಯ ಡಬ್ಬಿಗಳು. ಒಬ್ಬ ಗೈಡು.

ಗುಡಿಗಳ ಬೀಗದ ಕೈ ಪೆಟ್ಟಿಗೆಯಲ್ಲಿ ಸೇರಿಲ್ಲ. ಅದನ್ನು ಸ್ಥಳದಲ್ಲೇ ಹೊಂದಿಸಿಕೊಳ್ಳಬೇಕು. ವಿವರಕ್ಕೆ 3ನೇ ವಿಭಾಗ ನೋಡಿ. ಕೈಪಿಡಿಯಲ್ಲಿ ಉಳಿದದ್ದನ್ನು ಓದದಿದ್ದರೂ ಅದೊಂದನ್ನು ಓದಿ.

2. ಗ್ಯಾಲರಿ ಎಲ್ಲಿದೆ?

ಇಳಿದ ಕೂಡಲೇ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ಗಾಜಿನ ಹಿಂದೆ ಚಿತ್ರ, ಕೆಳಗೆ ಹೆಸರು, ಮೂಲೆಯಲ್ಲಿ ಸ್ಟೂಲಿನ ಮೇಲೆ ತೂಕಡಿಸುವ ಕಾವಲುಗಾರ ಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ. ರವಿವರ್ಮನ ಚಿತ್ರಗಳಿವೆ, ಹಳದನ್‌ಕರ್ ಬರೆದ ದೀಪ ಹಿಡಿದ ಹೆಣ್ಣುಮಗಳಿದ್ದಾಳೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಅಲ್ಲಿ ಕೃತಿಗಳು ನಿಮಗಾಗಿ ಕಾದು ನಿಂತಿರುತ್ತವೆ.

ಈ ಕಡೆಯ ಕೃತಿಗಳಿಗೆ ಬೇರೆ ಕೆಲಸ ಇದೆ. ದೇವರಾಗಿ ಬೆಳಗ್ಗೆ ಎಣ್ಣೆಮಜ್ಜನ ಮಾಡಿಸಿಕೊಳ್ಳಬೇಕು, ವೀರಗಲ್ಲಾಗಿ ಹೊಲದ ಬದುವಿನಲ್ಲಿ ನಿಂತು ಅರಿಶಿನ ಕುಂಕುಮ ಹಚ್ಚಿಸಿಕೊಳ್ಳಬೇಕು, ಕೆರೆಯಾಗಿ ತೆಂಗಿಗೂ ಅಡಿಕೆಗೂ ನೀರು ಕೊಡಬೇಕು. ಬಿಡುವಾದಾಗ ನಿಮಗೆ ದರ್ಶನ. ಈ ವ್ಯವಸ್ಥೆಯನ್ನು ಒಪ್ಪಿಕೊಂಡವರು ಮುಂದಿನ ವಿಭಾಗಕ್ಕೆ ಹೋಗಬಹುದು. ಒಪ್ಪದವರಿಗೆ ಮೈಸೂರು ಬಸ್ಸು ಕುಣಿಗಲ್‌ನಲ್ಲಿ ಸಿಗುತ್ತದೆ.

3. ಬೀಗದ ಕೈ ಹುಡುಕುವ ವಿಧಾನ

ಹಂತ 1: ಗುಡಿಯ ಮುಂದೆ ಗಾಡಿ ನಿಲ್ಲಿಸಿ ಹಾರನ್ ಹೊಡೆಯಬೇಡಿ. ಹಾರನ್ನಿಗೆ ಮಕ್ಕಳು ಬರುತ್ತವೆ, ನಾಯಿ ಬರುತ್ತದೆ, ಬೀಗದ ಕೈ ಬರುವುದಿಲ್ಲ.

ಹಂತ 2: ಅರಳಿಕಟ್ಟೆಯ ಮೇಲೆ ಕೂತವರ ಹತ್ತಿರ ನಡೆದು ಹೋಗಿ. ಮೊದಲ ಮಾತು ಗುಡಿಯ ಬಗ್ಗೆ ಇರಕೂಡದು. ಮಳೆ ಹೆಂಗಿದೆ, ಕೆರೆಗೆ ನೀರು ಬಂತಾ, ತಿಪಟೂರಿನಲ್ಲಿ ಕೊಬ್ಬರಿ ರೇಟು ಎಲ್ಲಿಗೆ ನಿಂತಿದೆ, ಇವು ಸರಿಯಾದ ಪ್ರಶ್ನೆಗಳು. ಕೊಬ್ಬರಿಯ ಉತ್ತರ ಉದ್ದವಾಗಿರುತ್ತದೆ. ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಅವರೇ ‘ಯಾವೂರಾಯ್ತು ತಮ್ದು?’ ಎನ್ನುತ್ತಾರೆ. ಬೆಂಗಳೂರು ಎಂದರೆ ಅವರಿಗೆ ಸಮಾಧಾನವಿಲ್ಲ. ಅದಕ್ಕೂ ಮೊದಲು ಎಲ್ಲಿಯವರು, ಯಾರ ಪೈಕಿ ಎಂಬುದು ತಿಳಿಯಬೇಕು. ತಾತನ ಊರಿನ ಹೆಸರು ಹೇಳಿ. ಅವರಿಗೆ ಆ ಊರಿನಲ್ಲಿ ಒಬ್ಬ ಬೀಗರು ಇದ್ದೇ ಇರುತ್ತಾರೆ.

ಹಂತ 3: ಈಗ ಬೀಗದ ಕೈ ಕೇಳಿ. ‘ಐನೋರು ತ್ವಾಟಕ್ಕೆ ಓಗವ್ರೆ ಕಣಣ್ಣ, ಬತ್ತಾರೆ ಇರಿ’ ಎಂಬ ಉತ್ತರ ಬರುತ್ತದೆ. ‘ಬತ್ತಾರೆ ಇರಿ’ ಎನ್ನುವುದಕ್ಕೆ ಗಡಿಯಾರದಲ್ಲಿ ಲೆಕ್ಕವಿಲ್ಲ. ಗೈಡು ಕೈಗಡಿಯಾರ ನೋಡಿಕೊಂಡರೆ ಅವರ ಕೈಯಿಂದ ಅದನ್ನು ಬಿಚ್ಚಿಸಿಡಿ.

ಹಂತ 4: ಕಾಯುವಾಗ ಗುಡಿಯ ಹೊರಗೋಡೆ ಸುತ್ತಿ ಬನ್ನಿ. ಹೊಯ್ಸಳರ ಶಿಲ್ಪಿಗಳು ತಮ್ಮ ಕೈಚಳಕವನ್ನು ಬೀಗದ ಒಳಗೆ ಇಟ್ಟವರಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಆ ಮೆದುತನ ಇದ್ದಾಗಲೇ ಸರದ ಒಂದೊಂದು ಮಣಿಯ ಹಿಂದಿನಿಂದಲೂ ಉಳಿ ಹೋಗಿಬಂದಿರುತ್ತದೆ. ಮಣಿಗೂ ಎದೆಗೂ ನಡುವೆ ಇರುವ ಕತ್ತಲೆಯ ಗೆರೆ ನೋಡಿ. ಮೊಬೈಲ್ ಟಾರ್ಚನ್ನು ಎದುರಿನಿಂದ ಹಾಕಿದರೆ ಎಲ್ಲ ಚಪ್ಪಟೆ. ಪಕ್ಕದಿಂದ, ಗೋಡೆಗೆ ತಾಗುವ ಹಾಗೆ ಹಿಡಿದರೆ ಸವೆದ ಮೂಗು ಎದ್ದು ಬರುತ್ತದೆ. ಶಾಸನದ ಕಲ್ಲಿಗೂ ಇದೇ ಉಪಾಯ. ಬೆಳಗಿನ ಇಲ್ಲವೇ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಕಾಣುವ ಅಕ್ಷರ ನಡುಹಗಲಲ್ಲಿ ಮಾಯ. ಅಕ್ಷರಗಳಿಗೆ ಸೀಮೆಸುಣ್ಣ ತುಂಬಿ ಫೋಟೋ ತೆಗೆಯುವವರನ್ನು ಗಾಡಿಯಲ್ಲಿಯೇ ಕೂರಿಸಿ. ಶಾಸನ ಇಲಾಖೆಯವರು ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅದು ಕಲಿತವರ ಕೆಲಸ.

ಹಂತ 5: ಬೀಗದ ಕೈ ಬಂತು. ತಂದವರು ಐನೋರಲ್ಲ, ಮನೆಯಾಕೆ. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬರುತ್ತಾರೆ, ಒಲೆಯ ಮೇಲೆ ಹೆಸರುಕಾಳು ಬೇಯುತ್ತಿರುತ್ತದೆ. ಅವಸರದಲ್ಲಿ ನೀವು ಕೇಳಬಾರದ ಪ್ರಶ್ನೆ: ‘ಇದು ಯಾವ ಶತಮಾನದ್ದು?’ ಕೇಳಬೇಕಾದದ್ದು: ‘ಅಮ್ಮಾ, ಇಲ್ಲಿ ಯಾವತ್ತು ಪೂಜೆ ಜೋರು?’ ಇಷ್ಟು ಕೇಳಿದರೆ ಸಾಕು. ಯಾವ ಮೂಲೆಯಲ್ಲಿ ಸೋರುತ್ತದೆ, ಯಾವ ಕಂಬಕ್ಕೆ ಯಾರು ಸುಣ್ಣ ಬಳಿದರು, ಆ ಸುಣ್ಣವನ್ನು ಕೆರೆಯಲು ಎಷ್ಟು ದಿನ ಹಿಡಿಯಿತು, ಉತ್ಸವಮೂರ್ತಿಯನ್ನು ಯಾರ ಮನೆಯಲ್ಲಿ ಇಟ್ಟಿದ್ದಾರೆ, ಎಲ್ಲವೂ ಹೊರಬರುತ್ತದೆ. ಪಟ್ಟಣದ ಗ್ಯಾಲರಿಯಲ್ಲಿ ಇಂಥ ತಿಳಿವಳಿಕೆಗೆ ಒಂದು ಹುದ್ದೆ, ಒಂದು ಕೊಠಡಿ, ಒಂದು ಸಂಬಳ ಇರುತ್ತದೆ.

ಹಂತ 6: ಗರ್ಭಗುಡಿಯ ಫೋಟೋ ಬೇಡ. ತಟ್ಟೆಗೆ ಕಾಸು ಹಾಕಿ. ಚಿಲ್ಲರೆ ಇಲ್ಲವೆಂದು ಗೂಗಲ್ ಪೇ ಕೇಳಬೇಡಿ. ಕೆಲವು ಕಡೆ ಈಗ ಅದೂ ಇದೆ. ಆದರೆ ಅವರಾಗಿಯೇ ತೋರಿಸಲಿ.

4. ಮೊದಲ ನಿಲ್ದಾಣ: ಕಡಬ

ಸಿ.ಎಸ್. ಪುರದಿಂದ ವಾಯವ್ಯಕ್ಕೆ ಕಡಬ. ಶಿಂಷಾ ನದಿಗೆ ಕಟ್ಟಿದ ದೊಡ್ಡ ಕೆರೆ, ರಾಮನ ಗುಡಿ. ಲಂಕೆಯಿಂದ ಹಿಂದಿರುಗುವಾಗ ರಾಮ ಇಲ್ಲಿ ತಂಗಿದ್ದನೆಂದೂ ಕೆರೆ ಅವನೇ ಕಟ್ಟಿಸಿದ್ದೆಂದೂ ಊರಿನವರು ಹೇಳುತ್ತಾರೆ. ಕೆರೆಯ ಏರಿಯ ಮೇಲೆ ನಿಂತು ಇದನ್ನು ಕೇಳಿ, ತಕರಾರು ತೆಗೆಯಬೇಡಿ. ಅಷ್ಟು ನೀರು ನೋಡಿದ ಮೇಲೆ ಕಟ್ಟಿಸಿದವನು ಸಣ್ಣವನಾಗಿರಲಿಕ್ಕಿಲ್ಲ ಎನ್ನಿಸುವುದು ಸಹಜ.

ತಕರಾರಿನವರಿಗಾಗಿ ಕಡಬದ ತಾಮ್ರಪಟಗಳಿವೆ. ಕ್ರಿ.ಶ. 812ರದ್ದು, ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನದ್ದು. ಕುನುಂಗಿಲ್ ದೇಶವನ್ನು, ಅಂದರೆ ಇವತ್ತಿನ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿ ಕಾಟ. ಅರ್ಕಕೀರ್ತಿ ಎಂಬ ಜೈನ ಮುನಿ ಅದನ್ನು ಬಿಡಿಸಿದ. ವಿಮಲಾದಿತ್ಯನ ಸೋದರಮಾವ ಚಾಕಿರಾಜ ಚಕ್ರವರ್ತಿಯ ಬಳಿ ಬಿನ್ನಹ ಮಾಡಿ, ಬಸದಿಯ ಸಲುವಾಗಿ ಮುನಿಗೆ ಜಾಲಮಂಗಲ ಎಂಬ ಹಳ್ಳಿಯನ್ನೇ ದತ್ತಿ ಕೊಡಿಸಿದ. ಪಾಠ ಬೇಕಾದವರು ಬಿ.ಎಲ್. ರೈಸ್ 1904ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೇ ಸಂಪುಟ ತೆರೆಯಬಹುದು. ಗುಬ್ಬಿ ತಾಲ್ಲೂಕಿನ 61ನೇ ಶಾಸನ.

ಇದನ್ನು ಮೈಕಿನಲ್ಲಿ ಓದಿದ ಕೂಡಲೇ ಹಿಂದಿನ ಸೀಟಿನಿಂದ ಒಂದು ಪ್ರಶ್ನೆ ಬರುವುದು ಖಂಡಿತ: ‘ಈಗಲೂ ಅಂಥವರು ಯಾರಾದರೂ ಇದ್ದಾರಾ?’ ಗೈಡು ನಗಬಾರದು. ಸಾಡೇಸಾತಿಯಲ್ಲಿರುವ ಮಗನ ತಾಯಿ ಕೇಳಿದ್ದು ಅದು. ಹನ್ನೆರಡು ಶತಮಾನ ಕಳೆದರೂ ತಾಮ್ರಪಟ ತಟ್ಟನೆ ಅರ್ಥವಾದದ್ದು ಇಡೀ ಗಾಡಿಯಲ್ಲಿ ಅವರೊಬ್ಬರಿಗೆ.

ನಿಟ್ಟೂರು ಮುಂದಿನದು. 12ನೇ ಶತಮಾನದ ಶಾಂತೀಶ್ವರ ಬಸದಿ. ಮುನಿಗಳಿಗೆ ಹಳ್ಳಿ ಕೊಟ್ಟ ಕಾಲದಿಂದ ಈ ಸೀಮೆಯಲ್ಲಿ ಜೈನರ ಹೆಜ್ಜೆ ಎಷ್ಟು ದೂರ ನಡೆದಿದೆ ಎಂಬುದಕ್ಕೆ ಇದು ಸಾಕ್ಷಿ. ಇಲ್ಲಿಯೂ 3ನೇ ವಿಭಾಗ ಅನ್ವಯಿಸುತ್ತದೆ.

5. ದಾರಿಯಲ್ಲಿ ಸಿಗುವ ಕಲ್ಲುಗಳು

ಗಾಡಿ ಹೋಗುತ್ತಿರುವಾಗ ಹೊಲದ ಅಂಚಿನಲ್ಲಿ, ಶಾಲೆಯ ಪಕ್ಕದಲ್ಲಿ, ಕೆಲವೊಮ್ಮೆ ಎಮ್ಮೆ ಕಟ್ಟುವ ಗೂಟದ ಹತ್ತಿರ ಚಿತ್ರ ಕೆತ್ತಿದ ಚಪ್ಪಡಿಗಳು ಕಾಣುತ್ತವೆ. ನಿಲ್ಲಿಸಿ. ವೇಳಾಪಟ್ಟಿಯಲ್ಲಿ ಇವಕ್ಕೆ ಜಾಗ ಇರುವುದಿಲ್ಲ, ಅದಕ್ಕೇ ನಿಲ್ಲಿಸಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ: ಕತ್ತಿ, ಬಿಲ್ಲು, ಎಷ್ಟೋ ಸಲ ಮೂಲೆಯಲ್ಲಿ ದನಗಳು. ಊರಿನ ದನ ಹೊಡೆದುಕೊಂಡು ಹೋದವರನ್ನು ತಡೆದು ಸತ್ತವನ ಕಲ್ಲು ಅದು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಕೈಲಾಸ, ಲಿಂಗದ ಮುಂದೆ ವೀರ ಕೈಮುಗಿದು ಕೂತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರ. ಪಕ್ಕದಲ್ಲಿ ಕಂಬದಿಂದ ಹೊರಟ ಒಂದು ಹೆಣ್ಣಿನ ತೋಳು ಮೊಣಕೈ ಮಡಿಸಿ ನಿಂತಿದ್ದರೆ ಅದು ಮಾಸ್ತಿಕಲ್ಲು. ಗಂಡನ ಚಿತೆ ಏರಿದವಳದ್ದು. ಮಣಿಕಟ್ಟಿನ ಬಳೆಗಳನ್ನು ಶಿಲ್ಪಿ ಮರೆಯದೆ ಕೆತ್ತಿರುತ್ತಾನೆ, ಬೆರಳುಗಳ ನಡುವೆ ನಿಂಬೆಹಣ್ಣು. ಇಲ್ಲಿ ಸೆಲ್ಫಿ ತೆಗೆಯುವವರಿಗೆ ಕಾಫಿ ಇಲ್ಲ.

ಊರಿನವರು ಇದಕ್ಕೆ ಎಣ್ಣೆ ಹಚ್ಚಿ, ವೀರಪ್ಪ ಎಂದೋ ಮಾಸ್ತಮ್ಮ ಎಂದೋ ಕರೆದು ಪೂಜೆ ಮಾಡುತ್ತಿದ್ದರೆ ‘ಕಲ್ಲು ಹಾಳಾಗುತ್ತದೆ’ ಎಂದು ಭಾಷಣ ಬಿಗಿಯಬೇಡಿ. ಪೂಜೆ ನಿಂತ ಕಲ್ಲುಗಳು ಸೇತುವೆಗೆ, ಚರಂಡಿಗೆ, ಬಟ್ಟೆ ಒಗೆಯಲು ಹೋಗಿವೆ.

6. ಗುಬ್ಬಿ: ಸುತ್ತಿಡುವ ಚಿತ್ರಶಾಲೆ

ಗುಬ್ಬಿಯಲ್ಲಿ ಇಳಿದವರು ಕೇಳುವ ಮೊದಲ ಹೆಸರು ವೀರಣ್ಣನವರದು. 1884ರಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ಅವರು ಬಾಲಕನಾಗಿ ಸೇರಿ ಆಮೇಲೆ ಮಾಲೀಕರಾದರು. ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದರು. ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಇವರೆಲ್ಲ ಆ ಕಂಪನಿಯ ಅನ್ನ ಉಂಡವರು. 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ವೀರಣ್ಣ ತೀರಿಕೊಂಡರು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ. ಇಷ್ಟನ್ನು ಗೈಡು ಹೇಳುತ್ತಾರೆ.

ಗೈಡು ಹೇಳದಿರುವುದು: ಈ ಸೀಮೆಯ ದೊಡ್ಡ ಚಿತ್ರಶಾಲೆಯನ್ನು ಕಂಬಕ್ಕೆ ಸುತ್ತಿ ಲಾರಿಯಲ್ಲಿ ಹಾಕಿ ಊರಿಂದ ಊರಿಗೆ ಸಾಗಿಸುತ್ತಾರೆ. ಜಾತ್ರೆಯ ಹಿಂದೆಮುಂದೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ. ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ಬಂದ ಪರದೆಗಳು: ರಸ್ತೆ, ಅರಮನೆ, ಕಾಡು. ಅರಮನೆಯ ಕಂಬಗಳು ಒಂದರ ಹಿಂದೆ ಒಂದು ಸಣ್ಣದಾಗುತ್ತಾ ಹೋಗಿ, ಒಂದು ಗಜ ಬಟ್ಟೆಯಲ್ಲಿ ಒಂದು ಮೈಲಿ ಆಳ ಹುಟ್ಟುತ್ತದೆ. ಅದನ್ನು ಬರೆದವನ ಹೆಸರು ಕೇಳಿ. ಪರದೆಯ ಮೂಲೆಯಲ್ಲಿ ಕಂಪನಿಯ ಹೆಸರು ಇರುತ್ತದೆ, ಕಲಾವಿದನದು ಅಪರೂಪ.

ಬಳಕೆದಾರರ ಗಮನಕ್ಕೆ: ಇಲ್ಲಿ ಪಾತ್ರಧಾರಿಗೆ ಸಂಭಾವನೆ ಸಿಗುವುದಿಲ್ಲ, ಪಾತ್ರಧಾರಿಯೇ ದುಡ್ಡು ಕಟ್ಟುತ್ತಾನೆ. ದುರ್ಯೋಧನನಿಗೆ ಹಾಡು, ಕಂದಪದ್ಯ ಹೆಚ್ಚು, ಆದ್ದರಿಂದ ಅವನ ರೇಟೂ ಹೆಚ್ಚು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ರಾತ್ರಿ ಹತ್ತಕ್ಕೆ ಎಂದು ಅಚ್ಚಾದದ್ದು ಹನ್ನೆರಡಕ್ಕೆ ಶುರುವಾಗಿ ಬೆಳಗಿನ ಹೊತ್ತಿಗೆ ಗದಾಯುದ್ಧಕ್ಕೆ ಬರುತ್ತದೆ. ಹಗಲು ಪ್ರವಾಸದಲ್ಲಿ ಇದು ಲಭ್ಯವಿಲ್ಲ. ಬೇಕಾದವರು ಕಂಬಳಿ ಸಮೇತ ಬೇರೆ ದಿನ ಬರಬೇಕು.

7. ಗೂಳೂರು ಮತ್ತು ಕೈದಾಳ: ಮಣ್ಣು ಮತ್ತು ಕಲ್ಲು

ತುಮಕೂರು ದಾಟಿ ಕುಣಿಗಲ್ ರಸ್ತೆ ಹಿಡಿದರೆ ಗೂಳೂರು, ಅದರ ಮಗ್ಗುಲಿಗೇ ಕೈದಾಳ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಆಸೆ ಇರುವವರು ಅದನ್ನು ಮೊದಲೇ ಮುಗಿಸಿಕೊಳ್ಳಿ.

ಗೂಳೂರಿನಲ್ಲಿ ಪ್ರತಿ ವರ್ಷ ಮಣ್ಣಿನಲ್ಲಿ ಭಾರೀ ಗಣಪತಿ ಮಾಡುತ್ತಾರೆ. ಊರೆಲ್ಲ ಚೌತಿಯ ಗಣಪನನ್ನು ಕೆರೆಗೆ ಬಿಟ್ಟು ಕೈತೊಳೆದುಕೊಳ್ಳುವ ಹೊತ್ತಿಗೆ ಇಲ್ಲಿ ಕೆಲಸ ನಡೆದಿರುತ್ತದೆ. ದೀಪಾವಳಿಯ ಬಲಿಪಾಡ್ಯಮಿಗೆ ಪೂಜೆ ಆರಂಭ, ಕಾರ್ತಿಕ ಪೂರ್ತಿ ದರ್ಶನ, ಆಮೇಲೆ ಜಾತ್ರೆ ಮಾಡಿ ಕೆರೆಗೆ. ತಿಂಗಳುಗಟ್ಟಲೆ ಮೆತ್ತಿ, ತಿದ್ದಿ, ಬಣ್ಣ ಬಳಿದದ್ದನ್ನು ಊರೇ ನಿಂತು ಕರಗಿಸುತ್ತದೆ. ಮುಂದಿನ ವರ್ಷ ಹೊಸದು. ‘ಮೂಲ ಕೃತಿ ಎಲ್ಲಿ?’ ಎಂದು ಕೇಳಿದ ಸಂದರ್ಶಕರಿಗೆ ಕೆರೆ ತೋರಿಸಿ. ಉಳಿದಿರುವುದು ಮಾಡುವ ಕೈಗಳ ಅಭ್ಯಾಸ. 

ಕೈದಾಳಕ್ಕೆ ಬಂದಾಗ ಎರಡು ಕತೆಗಳನ್ನು ಎರಡು ಕಿವಿಯಲ್ಲಿ ಇಟ್ಟುಕೊಳ್ಳಬೇಕು.

ಎಡಗಿವಿ: ಇದು ಶಿಲ್ಪಿ ಜಕಣಾಚಾರಿಯ ಊರು. ಬೇಲೂರಿನಲ್ಲಿ ತಾನು ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದ ಹುಡುಗನೊಂದಿಗೆ ಪಂಥ ಕಟ್ಟಿದ. ಗಂಧ ಬಳಿದಾಗ ಎಲ್ಲೆಡೆ ಒಣಗಿ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ, ಒಡೆದರೆ ಒಳಗೆ ಮರಳು, ನೀರು, ಕಪ್ಪೆ. ಜಕಣಾಚಾರಿ ಬಲಗೈ ಕತ್ತರಿಸಿಕೊಂಡ. ಆ ಹುಡುಗ ಅವನದೇ ಮಗ ಡಂಕಣ. ಹುಟ್ಟೂರಿಗೆ ಮರಳಿ ಚನ್ನಕೇಶವನ ಗುಡಿ ಕಟ್ಟಿದಾಗ ಕೈ ಬಂತು.

ಬಲಗಿವಿ: ಶಾಸನದ ಪ್ರಕಾರ ಗುಡಿ ಕಟ್ಟಿಸಿದವನು ಹೊಯ್ಸಳ ಒಂದನೆಯ ನರಸಿಂಹನ ಸಾಮಂತ ಗೂಳೆಯ ಬಾಚಿದೇವ, 1150ರ ಸುಮಾರಿಗೆ. ಶಿವನಿಗೂ ಕೇಶವನಿಗೂ ಗುಡಿ ಕಟ್ಟಿಸಿ, ಜಿನನಿಗೆ ಬಸದಿಯನ್ನೂ ಮಾಡಿಸಿದವನು. ಬೇಲೂರಿನ ಪ್ರತಿಷ್ಠೆ ಆದದ್ದು 1117ರಲ್ಲಿ. ಅಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಜಕಣಾಚಾರಿಯ ಹೆಸರು ಅಲ್ಲಿಲ್ಲ.

ಈಗ ನಿವೃತ್ತ ಅಧಿಕಾರಿಗಳು ಎದ್ದು ನಿಂತು ‘ಹಾಗಾದರೆ ಜಕಣಾಚಾರಿ ಸುಳ್ಳು’ ಎನ್ನುತ್ತಾರೆ. ಅವರನ್ನು ಮೆಲ್ಲಗೆ ಕೂರಿಸಿ. ಶಾಸನ ಬರೆಸಿದವನು ಹಣ ಕೊಟ್ಟವನು. ಅದರಲ್ಲಿ ಅವನ ಹೆಸರಿದೆ. ಉಳಿ ಹಿಡಿದವರಿಗೆ ಒಂದು ಹೆಸರು ಬೇಕೆಂದು ಜನ ಕತೆ ಕಟ್ಟಿ ಒಬ್ಬ ಆಚಾರಿಯನ್ನು ನಿಲ್ಲಿಸಿಕೊಂಡರು. ರಾಜ್ಯ ಸರ್ಕಾರ ಇವತ್ತು ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿ ಜಕಣಾಚಾರಿಯ ಹೆಸರಿನದು, ಬಾಚಿದೇವನದಲ್ಲ. ಎರಡೂ ಕತೆ ಹೇಳದ ಗೈಡಿಗೆ ಅರ್ಧ ಸಂಬಳ ಸಾಕು.

8. ಕುಣಿಗಲ್, ಯಡಿಯೂರು, ವಾಪಸ್ಸು

ಕುಣಿಗಲ್ ಕೆರೆಯನ್ನು ನೋಡಿದವರಿಗಿಂತ ಹಾಡಿದವರೇ ಹೆಚ್ಚು. ಏರಿಯ ಮೇಲೆ ಯಾರಾದರೂ ಆ ಜನಪದ ಗೀತೆ ಶುರುಮಾಡುತ್ತಾರೆ, ಎರಡನೇ ನುಡಿಗೆ ಎಲ್ಲರಿಗೂ ಮಾತು ಮರೆತುಹೋಗುತ್ತದೆ. ದಡದಲ್ಲಿ ಬಟ್ಟೆ ಒಗೆಯುತ್ತಿರುವವರಿಗೆ ಪೂರ್ತಿ ಬರಬಹುದು, ಕೇಳಿ ನೋಡಿ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕುತ್ತಿದ್ದ ಸ್ಟಡ್ ಫಾರಂ ಇಲ್ಲಿಯದೇ. ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದಿಗೆ. ‘ಷಟ್‌ಸ್ಥಲ ಜ್ಞಾನಸಾರಾಮೃತ’ದ 701 ವಚನಗಳು ಅವರವು. ಊಟದ ಹೊತ್ತಿಗೆ ತಲುಪಿದರೆ ದಾಸೋಹ ಇದೆ. ಸಾಲಿನಲ್ಲಿ ನಿಲ್ಲಿ, ತಟ್ಟೆಯಲ್ಲಿ ಬಿಡಬೇಡಿ. ಹೊತ್ತಿದ್ದರೆ ಮಾರ್ಕೋನಹಳ್ಳಿ ಜಲಾಶಯ. ನೀರು ಮಟ್ಟ ಮೀರಿದರೆ ತಾನಾಗಿಯೇ ಹೊರಗೆ ಹಾಯುವ ಸೈಫನ್‌ಗಳ ಕಟ್ಟೆ. ಬೆಳಗ್ಗೆ ಕಡಬದಲ್ಲಿ ನೋಡಿದ ಶಿಂಷಾ ಇಲ್ಲಿ ಮತ್ತೆ ಸಿಗುತ್ತಾಳೆ.

9. ದೋಷ ಮತ್ತು ಪರಿಹಾರ

ದೋಷ: ಬೋರ್ಡಿನಲ್ಲಿ ಅಕ್ಷರ ಕಾಣುತ್ತಿಲ್ಲ. ಪರಿಹಾರ: ಅದರ ಮೇಲಿರುವ ಚುನಾವಣೆಯ ಪೋಸ್ಟರಿನ ಅಂಚನ್ನು ನೋಡಿ, ಮುಟ್ಟಬೇಡಿ. ಆಮೇಲೆ ಅರಳಿಕಟ್ಟೆಗೆ ಹೋಗಿ.

ದೋಷ: ಗುಡಿಯ ಗೋಡೆಗೆ ಹೊಸದಾಗಿ ಎಣ್ಣೆ ಬಣ್ಣ ಬಳಿದಿದ್ದಾರೆ. ಪರಿಹಾರ: ಕೂಗಾಡಬೇಡಿ. ಚಂದಾ ಎತ್ತಿ ಬಳಿಸಿದವರು ಅಲ್ಲೇ ನಿಂತಿದ್ದಾರೆ. ಕಲ್ಲಿಗೆ ಉಸಿರಾಟ ಬೇಕೆಂಬುದನ್ನು ಹೊಗಳಿಕೆಯ ನಡುವೆ ಸೇರಿಸಿ ಹೇಳಿ.

ದೋಷ: ಗೈಡಿಗೆ ಗೊತ್ತಿಲ್ಲ. ಪರಿಹಾರ: ದೋಷವಲ್ಲ. ‘ಗೊತ್ತಿಲ್ಲ, ಕೇಳೋಣ’ ಎಂದರೆ ಅವರಿಗೆ ಬಕ್ಷೀಸು ಕೊಡಿ.

10. ಅಭಿಪ್ರಾಯದ ನಮೂನೆ

ಪ್ರವಾಸದ ಕೊನೆಗೆ ಒಂದು ಹಾಳೆ ಕೊಡಲಾಗುವುದು. ಎಷ್ಟು ನಕ್ಷತ್ರ, ಎಸಿ ಸರಿಯಿತ್ತೇ, ಊಟ ಹೇಗಿತ್ತು ಎಂಬ ಪ್ರಶ್ನೆಗಳನ್ನು ತೆಗೆದುಹಾಕಲಾಗಿದೆ. ಉಳಿಸಿಕೊಂಡದ್ದು ಒಂದೇ: ‘ನಿಮಗೆ ಬಾಗಿಲು ತೆಗೆದವರ ಹೆಸರೇನು?’

ಗೋವಿಂದ, ನರಸಿಂಹ, ಬಾಚಿದೇವ ಎಂದು ಬರೆದರೆ ಅಂಕವಿಲ್ಲ. ಅವರ ಹೆಸರು ತಾಮ್ರದಲ್ಲಿದೆ, ಕಲ್ಲಿನಲ್ಲಿದೆ. ಒಲೆ ಸಣ್ಣಗೆ ಮಾಡಿ ಬಂದವರ ಹೆಸರು ಬೇಕು. ಅದು ಗೊತ್ತಿದ್ದವರು ಪ್ರವಾಸ ಮುಗಿಸಿದ್ದಾರೆ, ಮನೆಗೆ ಹೋಗಬಹುದು. ಗೊತ್ತಿಲ್ಲದವರು 3ನೇ ವಿಭಾಗದ ಹಂತ 2ರಿಂದ ಮತ್ತೆ ಶುರುಮಾಡಬೇಕು. ಕೊಬ್ಬರಿ ರೇಟು ಅಷ್ಟರಲ್ಲಿ ಬದಲಾಗಿರುತ್ತದೆ, ಕೇಳಲು ವಿಷಯಕ್ಕೇನೂ ಕೊರತೆಯಿಲ್ಲ.